ಪಂಚಮಿ ಉಂಡಿ ಮತ್ತು ಕನಮಡಿಯ ಟ್ರಾಂಬೋನ್

ವಿಜಯಪುರದಲ್ಲಿ ಹುಟ್ಟಿ ಬೆಳೆದು, ಖಡಕ್ ರೊಟ್ಟಿ ಕಂಡರೆ ಚೇಳು ಕಂಡವರಂತೆ ಕೈ ಹಿಂದೆಳೆದುಕೊಳ್ಳುವ ಗಂಡಸನ್ನು ನೀವು ನೋಡಿದ್ದೀರಾ? ನೋಡಿರಲಿಕ್ಕಿಲ್ಲ. ಇಡೀ ಊರಿಗೆ ಅಂಥವರು ಇರುವುದು ಒಬ್ಬರೇ. ಹುಡುಕಿ ಹುಡುಕಿ ನನ್ನನ್ನು ಅವರಿಗೇ ಕೊಟ್ಟಿದ್ದಾರೆ!

ಹೆಸರು ಹೇಳುವುದಿಲ್ಲ. ಗಂಡನ ಹೆಸರು ಹೇಳಬಾರದೆಂಬ ಮಡಿಯೇನೂ ನನಗಿಲ್ಲ. ಸಿಟ್ಟು ಬಂದಾಗ ಓಣಿಗೆಲ್ಲ ಕೇಳುವಂತೆ ಕೂಗಿದ್ದೂ ಉಂಟು. ಆದರೆ ಅವರು ತಿಕೋಟಾದಲ್ಲಿ ಒಣದ್ರಾಕ್ಷಿ ವ್ಯಾಪಾರ ಮಾಡುವವರು. ನಾಳೆ ಇದನ್ನು ಓದಿದ ರೈತರು 'ಇಂಥ ಮನುಷ್ಯನ ಕೈಗೆ ಮಾಲು ಕೊಡುವುದು ಹೇಗಪ್ಪಾ' ಎಂದು ಯೋಚನೆಗೆ ಬಿದ್ದರೆ ನನ್ನ ಮನೆಯ ಒಲೆ ಉರಿಯಬೇಕಲ್ಲ! ಆದ್ದರಿಂದ 'ನಮ್ಮವರು' ಎಂದಷ್ಟೇ ಹೇಳುತ್ತೇನೆ. ಗುರುತು ಸಿಕ್ಕವರು ದಯವಿಟ್ಟು ಬಾಯಿ ಮುಚ್ಚಿಕೊಂಡು ಓದಿ.

ರೊಟ್ಟಿಗೆ ಹೆದರುವುದು ಯಾಕೆ? ಮುಂದಿನ ಎರಡು ಹಲ್ಲಿನ ಸಲುವಾಗಿ. ಹಲ್ಲಿನ ಮೇಲೆ ಅಷ್ಟು ಪ್ರೀತಿ ಯಾಕೆ? ಟ್ರಾಂಬೋನಿನ ಸಲುವಾಗಿ!

ಲಗ್ನದ ಮೆರವಣಿಗೆಯಲ್ಲಿ ಬ್ಯಾಂಡಿನವರು ಬರುತ್ತಾರಲ್ಲ, ಅವರಲ್ಲಿ ಒಬ್ಬನ ಕೈಯಲ್ಲಿ ಉದ್ದನೆಯ ಹಿತ್ತಾಳೆ ಕೊಳವೆ ಇರುತ್ತದೆ. ಉಳಿದವರು ಗುಂಡಿ ಒತ್ತಿ ಊದಿದರೆ ಇವನು ಕೊಳವೆಯನ್ನು ಮುಂದೆ ತಳ್ಳುತ್ತ, ಹಿಂದೆ ಎಳೆಯುತ್ತ ಊದುತ್ತಾನೆ. ಅವನ ಮುಂದೆ ಕುಣಿಯುವವರು ಬೆನ್ನಿಗೊಂದು ಪೆಟ್ಟು ತಿನ್ನದೆ ಮನೆಗೆ ಹೋದದ್ದಿಲ್ಲ. ಅದೇ ಟ್ರಾಂಬೋನ್. ನಮ್ಮತ್ತೆ ಅದಕ್ಕೆ ತುತ್ತೂರಿ ಎನ್ನುತ್ತಾರೆ, ನಮ್ಮವರ ಮುಖ ಸುಟ್ಟ ಬದನೆಕಾಯಿಯಂತಾಗುತ್ತದೆ.

"ತುತ್ತೂರಿ ಅಲ್ಲಬೇ ಯವ್ವಾ! ಟ್ರಾಂಬೋನ್ ಅದು, ಟ್ರಾಂಬೋನ್!"

"ಹೂಂ ಬಿಡಪಾ. ಹೆಸರ ಬದ್ಲಿ ಮಾಡಿದ್ರ ಆವಾಜ್ ಕಡಿಮಿ ಆಗ್ತೈತೇನು?"

ಅತ್ತೆಗೆ ಕಣ್ಣು ಮಂಜಾಗಿವೆ. ನಾಲಿಗೆಗೆ ಮಾತ್ರ ಇನ್ನೂ ಏನೂ ಆಗಿಲ್ಲ.

ಇದೆಲ್ಲ ಶುರುವಾದದ್ದು ನಮ್ಮವರು ಸಾಂಗಲಿಯ ಪೇಟೆಗೆ ಒಣದ್ರಾಕ್ಷಿ ಹೊತ್ತುಕೊಂಡು ಹೋದ ಒಂದು ಬೇಸಿಗೆಯಲ್ಲಿ. ಮಾಲಿನ ಹರಾಜು ಮರುದಿನಕ್ಕೆ ಹೋಯಿತಂತೆ. ಬೇರೆ ಗಂಡಸರಾಗಿದ್ದರೆ ಸಿನಿಮಾಕ್ಕೆ ಹೋಗುತ್ತಿದ್ದರು. ಇವರು ಹತ್ತಿರದ ಮೀರಜಕ್ಕೆ ಹೋದರು. ಅಲ್ಲಿ ವಾದ್ಯ ರಿಪೇರಿ ಮಾಡುವ ಅಂಗಡಿಯೊಂದರಲ್ಲಿ ಮುದುಕನೊಬ್ಬ ಹಳೆಯ ಟ್ರಾಂಬೋನಿನ ಕೊಳವೆ ಒರೆಸಿ ಒಮ್ಮೆ ಎಳೆದು ಬಿಟ್ಟನಂತೆ. "ತುಪ್ಪದಾಗ ಬೆರಳ ಅದ್ದಿದಂಗ ಸರೀತು ನೋಡ" ಎಂದು ನಮ್ಮವರು ಇವತ್ತಿಗೂ ಹೇಳುವಾಗ ಕಣ್ಣು ಅರ್ಧ ಮುಚ್ಚುತ್ತಾರೆ. ಅವತ್ತು ಸಾಂಗಲಿಗೆ ಹೋದ ದ್ರಾಕ್ಷಿ ಡಬ್ಬಿಗಳಲ್ಲಿ ಒಂದು ವಾಪಸು ಬಂತು. ಒಳಗೆ ದ್ರಾಕ್ಷಿ ಇರಲಿಲ್ಲ.

ಸವತಿ ಬಂದಿದ್ದರೂ ಇಷ್ಟು ಕಷ್ಟವಾಗುತ್ತಿರಲಿಲ್ಲ. ಸವತಿಯಾದರೆ ಸಿಟ್ಟು ಬಂದಾಗ ಹಿಡಿದು ಎಳೆಯಬಹುದು. ಇದನ್ನು ಎಳೆದರೆ ಇನ್ನೂ ಉದ್ದವಾಗುತ್ತದೆ!

ಒಂದಾದ ಮೇಲೆ ಒಂದು ಬಂದವು. ಹೊಸದು ಇವರಿಗೆ ಬೇಡ. ಹಳೆಯದಿರಬೇಕು, ಅಪರೂಪದ್ದಿರಬೇಕು, ಮೈಮೇಲೆ ನಾಲ್ಕು ತಗ್ಗು ಬಿದ್ದಿರಬೇಕು. ಮುಚ್ಚಿಹೋದ ಬ್ಯಾಂಡ್ ಕಂಪನಿಗಳು, ಗುಜರಿ ಅಂಗಡಿಗಳು, ಯಾರದೋ ಅಟ್ಟ, ಎಲ್ಲಿಂದೆಲ್ಲಿಂದಲೋ ಹುಡುಕಿ ತಂದರು. ಮಂಚದ ಕೆಳಗೊಂದು, ಜೋಳದ ಚೀಲಗಳ ಹಿಂದೊಂದು. ಒಂದರ ಬಾಯಿಯಂತೂ ಹಾವಿನ ಮುಖದ ಆಕಾರದಲ್ಲಿತ್ತು. ಕೆಂಪು ಬಣ್ಣದ ನಾಲಿಗೆ, ಬಿಳಿ ಹಲ್ಲು, ಉಬ್ಬಿದ ಕಣ್ಣು. ಪರದೇಶದಲ್ಲಿ ಹಿಂದೆ ಸೈನ್ಯದ ಮುಂದೆ ಇಂಥದ್ದನ್ನು ಊದುತ್ತಿದ್ದರಂತೆ, ಶತ್ರುಗಳು ಹೆದರಲೆಂದು. ಶತ್ರುಗಳ ಸುದ್ದಿ ನನಗೆ ಗೊತ್ತಿಲ್ಲ. ನಮ್ಮ ಮನೆಗೆ ಬರುತ್ತಿದ್ದ ಹಾಲಿನವಳು ಮಾತ್ರ ಒಳಗೆ ಬರುವುದನ್ನು ಬಿಟ್ಟಳು.

ಇವುಗಳ ಸೇವೆಯಾದರೂ ಕಡಿಮೆಯೇ? ಕೊಳವೆ ನುಣ್ಣಗೆ ಸರಿಯಲು ಎಣ್ಣೆ ಬೇಕಂತೆ. ದ್ರಾಕ್ಷಿಯನ್ನು ಒಣಹಾಕುವ ಮೊದಲು ಒಂದು ಎಣ್ಣೆಯ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ, ನಮ್ಮ ಕಡೆಯವರಿಗೆ ಗೊತ್ತಿರುತ್ತದೆ. ನಮ್ಮವರು ಶೆಡ್ಡಿನಿಂದ ಆ ಎಣ್ಣೆಯನ್ನೇ ತಂದು ಸವರಿದರು. ಸವರಿ, ಸಂಜೆ ಪಡಸಾಲೆಯಲ್ಲಿ ನಿಂತು, ಗತ್ತಿನಿಂದ ಮುಂದೆ ತಳ್ಳಿದರು. ಕೊಳವೆ ಕೈಬಿಟ್ಟು, ಹಾರಿ, ಅತ್ತೆ ಕಡೆಯುತ್ತಿದ್ದ ಮಜ್ಜಿಗೆ ಗಡಿಗೆಯೊಳಗೆ ಹೋಗಿ ನೆಟ್ಟಗೆ ನಿಂತಿತು! ಅತ್ತೆ ಕಡಗೋಲನ್ನು ನಿಲ್ಲಿಸಲೂ ಇಲ್ಲ. "ಬೆಣ್ಣಿ ಬಂದಿಲ್ಲ ಇನ್ನಾ. ಆ ಮ್ಯಾಲ ತಗೊಳಪಾ" ಎಂದರು.

ಹೀಗೆ ನಗುನಗುತ್ತ ನಡೆದಿದ್ದ ಸಂಸಾರಕ್ಕೆ ಕನಮಡಿಯಿಂದ ಒಂದು ಫೋನು ಬಂತು.

ಕನಮಡಿಯಲ್ಲಿ ಎಲ್ಲರೂ ಆಯಿ ಎಂದು ಕರೆಯುವ ಒಬ್ಬ ಮುದುಕಿ ಇದ್ದಳು. ಗಂಡ ಬ್ಯಾಂಡಿನಲ್ಲಿ ಊದುತ್ತಿದ್ದವನು, ತೀರಿಕೊಂಡಿದ್ದ. ಅವನ ಟ್ರಾಂಬೋನ್ ಅವಳ ಬಳಿ ಇತ್ತು. ಯಾವುದೋ ಸಂಸ್ಥಾನದ ಬ್ಯಾಂಡು ಮುಚ್ಚಿಹೋದಾಗ ಅವನ ಅಪ್ಪನ ಕೈಗೆ ಬಂದದ್ದಂತೆ. ಸಾದಾ ಟ್ರಾಂಬೋನಿಗಿಂತ ಅದು ಉದ್ದ; ಎಷ್ಟು ಉದ್ದವೆಂದರೆ ಕೊಳವೆಯನ್ನು ಪೂರ್ತಿ ತಳ್ಳಲು ಮನುಷ್ಯನ ಕೈ ಸಾಲದೆ, ಅದಕ್ಕೊಂದು ಹಿಡಿಕೆ ಕೂಡಿಸಿದ್ದಾರೆ. ಈಗ ಯಾರೂ ಅಂಥದ್ದನ್ನು ಮಾಡುವುದಿಲ್ಲವಂತೆ. ನಮ್ಮವರು ಹಿಂದೊಮ್ಮೆ ಅದರ ಬೆನ್ನು ಹತ್ತಿ ಹೋಗಿ ಬಂದಿದ್ದರು. ಮುಟ್ಟಲೂ ಬಿಡದೆ ಆಯಿ ಇವರನ್ನು ವಾಪಸು ಕಳಿಸಿದ್ದಳು. "ರೊಕ್ಕ ತೋರಸಬ್ಯಾಡ ತಮ್ಮಾ. ಗ್ವಾಡಿಗಿ ಜೋತ ಹಾಕಾವರಿಗಿ ಕೊಡೂದಕಿಂತ ಕರಗಿಸೂದ ಚಲೋ" ಎಂದಿದ್ದಳಂತೆ.

ಈಗ ಅವಳದೇ ಫೋನು. ನಮ್ಮವರು ಸ್ಪೀಕರ್ ಹಾಕಿ, ದೇವರ ಮುಂದೆ ನಿಂತವರಂತೆ ನಿಂತು ಕೇಳಿದರು.

"ತಮ್ಮಾ, ಮಗಳು ನನ್ನ ಕಾಯಮ್ ಸೊಲ್ಲಾಪುರಕ್ಕ ಕರಕೊಂಡ ಹೊಂಟಾಳ. ಆಕಿ ಮನ್ಯಾಗ ಇದನ್ನ ಇಡಾಕ ಜಾಗಾ ಇಲ್ಲ. ಪಂಚಮಿ ಆಗಿ ಒಂದ ದಿನ ಬಿಟ್ಟ ಮುಂಜಾನಿ ಗಾಡಿ ಬರ್ತೈತಿ. ಅಷ್ಟರಾಗ ಬಾ. ನನ್ನ ಮುಂದ ಊದು. ಊದಿದಿ, ನಿಂದು. ಇಲ್ಲಂದ್ರ ಗುಜರಿಯವಗ ಹೇಳಿಟ್ಟೀನಿ."

ಅವತ್ತು ನಾಗರ ಅಮಾವಾಸ್ಯೆ. ಇವರು ಚಪ್ಪಲಿ ಮೆಟ್ಟಿ ಹೊರಟೇ ಬಿಟ್ಟಿದ್ದರು. ಅತ್ತೆ ಅಡ್ಡ ನಿಂತರು. "ಅಮಾಸಿ ದಿನಾ ಸತ್ತವರ ಸಾಮಾನ ಮನಿಗಿ ತರ್ತೀಯೇನಲೇ? ಪಂಚಮಿ ಆಗಲಿ. ನಾಗಪ್ಪಗ ಹಾಲ ಹಾಕಿ ಹೋಗಂತಿ." ನಮ್ಮವರಿಗೂ ಅದು ಸರಿಯೆನಿಸಿತು. ನಾಲ್ಕು ದಿನ ತಯಾರಿ ಮಾಡಿಕೊಂಡು ಹೋದರಾಯಿತು, ಆಯಿಯ ಮುಂದೆ ಮಾನ ಹೋಗಬಾರದು ಎಂದು ಚಪ್ಪಲಿ ಬಿಟ್ಟರು. ಚಪ್ಪಲಿ ಬಿಡದೆ ಹೋಗಿದ್ದರೆ ನನಗೆ ಬರೆಯಲು ಇಷ್ಟು ಇರುತ್ತಿರಲಿಲ್ಲ.

ಈಗ ಹಲ್ಲಿನ ಸುದ್ದಿಗೆ ಬರುತ್ತೇನೆ. ನಮ್ಮವರಿಗೆ ಶುಗರ್ ಇದೆ. ಮುಂದಿನ ಎರಡು ಹಲ್ಲು ಹಲವು ದಿನಗಳಿಂದ ಅಲ್ಲಾಡುತ್ತಿದ್ದವು. ಟ್ರಾಂಬೋನಿನ ಊದುವ ತುದಿ ತುಟಿಯ ಮೇಲೆ ಕೂರುತ್ತದೆ, ತುಟಿಯ ಹಿಂದೆ ಆಸರೆಗೆ ಇರುವುದೇ ಆ ಎರಡು. ಅವು ಹೋದರೆ ಊದುವುದು ಹೋಯಿತು. ಹಾಗಾಗಿ ಮನೆಯಲ್ಲಿ ರೊಟ್ಟಿಗೆ ಹಾಲು, ಚಕ್ಕುಲಿಗೆ ನಿಷೇಧ, ಶೇಂಗಾಕ್ಕೆ ಗಡೀಪಾರು. ಬೀಗರ ಊಟಕ್ಕೆ ಹೋದರೆ, ನನ್ನ ಗಂಡ ರೊಟ್ಟಿಯನ್ನು ಸಾರಿನಲ್ಲಿ ಅದ್ದಿಟ್ಟು, ಅದು ಅನ್ನದಂತಾಗುವವರೆಗೆ ಕಾಯುತ್ತ ಕೂರುವುದನ್ನು ಹೆಂಗಸರೆಲ್ಲ ನೋಡಿ ನನ್ನ ಕಡೆ ತಿರುಗಿ, "ಪಾಪ, ಏನಾಗೇತ್ರಿ ಅವರಿಗಿ?" ಎನ್ನುತ್ತಿದ್ದರು. ಏನೆಂದು ಹೇಳಲಿ? ಊದುತ್ತಾರೆ ಎನ್ನಲೇ?

ಫೋನು ಬಂದ ಮೇಲೆ ಈ ಎಚ್ಚರ ನೂರ್ಮಡಿಯಾಯಿತು. ಇವರು ಬ್ರಶ್ ಬಿಟ್ಟು ಬೆರಳಿನಲ್ಲಿ ಹಲ್ಲು ತಿಕ್ಕತೊಡಗಿದರು. ಸೀನು ಬಂದರೆ ತುಟಿ ಒತ್ತಿ ಹಿಡಿದು, ಕಣ್ಣು ಕೆಂಪಗಾಗಿಸಿಕೊಂಡು, ಕಿವಿಯಿಂದ ಸೀನುತ್ತಿದ್ದರೋ ಏನೋ! ನಾನು ಗದರಿದರೆ ವಾಪಸು ಗದರುವುದೂ ಇಲ್ಲ. ಜೋರಾಗಿ ಮಾತಾಡಿದರೆ ಹಲ್ಲಿಗೆ ಗಾಳಿ ತಾಗುತ್ತದಂತೆ. ಎದುರಾಳಿ ಇಲ್ಲದ ಜಗಳದಲ್ಲಿ ನನಗೂ ರುಚಿ ಹೋಯಿತು. ಸಂಜೆ ಒಂದಿಷ್ಟೇ ಹೊತ್ತು, ಅಳೆದು, ಮೆಲ್ಲಗೆ ಊದಿ, ಕನ್ನಡಿಯಲ್ಲಿ ಹಲ್ಲು ನೋಡಿಕೊಂಡು ಮಲಗುತ್ತಿದ್ದರು.

ಪಂಚಮಿ ಬಂತು.

ಬೆಳಿಗ್ಗೆ ನಾನು ಹೋಳಿಗೆಯ ಗಡಿಬಿಡಿಯಲ್ಲಿದ್ದೆ. ಮಣ್ಣಿನ ನಾಗಪ್ಪನನ್ನು ದೇವರ ಜಗಲಿಯ ಮೇಲೆ ಇಟ್ಟಿದ್ದೆ. ಅತ್ತೆ ಮಡಿಯುಟ್ಟು, ಕೊಬ್ಬರಿ ಬಟ್ಟಲಿನಲ್ಲಿ ಹಾಲು ಹಿಡಿದು ಪಡಸಾಲೆಗೆ ಹೋದರು. "ದೇವರ ಪಾಲು... ಗುರುವಿನ ಪಾಲು... ಅಪ್ಪನ ಪಾಲು... ಅವ್ವನ ಪಾಲು..." ಎಂದು ಹಾಲೆರೆಯುವುದು ಕೇಳುತ್ತಿತ್ತು. ತೀರಿಹೋದವರಿಂದ ಹಿಡಿದು ತೊಟ್ಟಿಲ ಕೂಸುಗಳವರೆಗೆ ಬಳಗವೆಲ್ಲ ಮುಗಿದರೂ ಪಾಲು ನಿಲ್ಲಲಿಲ್ಲ. ಇಷ್ಟು ಹಾಲು ಹಿಡಿಯುವ ನಾಗಪ್ಪ ಯಾವನು ಎಂದು ಇಣುಕಿದೆ. ಗೋಡೆಗೆ ಒರಗಿಸಿಟ್ಟಿದ್ದ ಹಾವಿನ ಮುಖದ ಟ್ರಾಂಬೋನ್, ಹಣೆಗೆ ಕುಂಕುಮ, ಕೊರಳಿಗೆ ಹತ್ತಿಯ ಗೆಜ್ಜೆವಸ್ತ್ರ ಹಾಕಿಕೊಂಡು, ಬಾಯ್ದೆರೆದು ನಮ್ಮ ಇಡೀ ಬಳಗದ ಪಾಲನ್ನು ಕುಡಿಯುತ್ತಿತ್ತು!

"ಈ ವರ್ಷ ಭಾಳ ಚಂದ ತಂದಿ ನೋಡವಾ ನಾಗಪ್ಪನ" ಎಂದರು ಅತ್ತೆ. ನಮ್ಮವರು ತಲೆ ಮೇಲೆ ಕೈ ಹೊತ್ತು ನಿಂತರು. ಬೈಯುವಂತಿಲ್ಲ, ಹಬ್ಬದ ದಿನ. ನಗುವಂತಿಲ್ಲ, ಹಲ್ಲಿನ ಕಾಳಜಿ. ಉಗುಳು ತೆಗೆಯಲು ಕೊಳವೆಯ ತುದಿಗೆ ಒಂದು ಗುಂಡಿ ಇರುತ್ತದೆ, ಅದನ್ನು ಒತ್ತಿ ಹಿಡಿದು ಲೋಟದ ಮೇಲೆ ಲೋಟ ಹಾಲು ಬಸಿದರು.

ಅಷ್ಟರಲ್ಲಿ ಜೈನಾಪುರದಿಂದ ನನ್ನ ತಮ್ಮ ಬಂದ. ಪಂಚಮಿಗೆ ತವರಿನವರು ಉಂಡಿ ಹೊತ್ತುಕೊಂಡು ಬರುವುದು ನಮ್ಮ ಕಡೆಯ ಪದ್ಧತಿ. ಬುಟ್ಟಿಯ ತುಂಬ ಶೇಂಗಾ ಉಂಡಿ, ತಂಬಿಟ್ಟು, ಗುಳ್ಳಡಕಿ ಉಂಡಿ. ಈ ಗುಳ್ಳಡಕಿ ಉಂಡಿಯನ್ನು ಬೆಲ್ಲದ ಪಾಕದಲ್ಲಿ ಕಟ್ಟುತ್ತಾರೆ. ಪಾಕ ಒಂದಿಷ್ಟು ಏರಿದರೆ ಉಂಡಿ ಗಟ್ಟಿಯಾಗುತ್ತದೆ. ನಮ್ಮವ್ವನ ಪಾಕ ಯಾವಾಗಲೂ ಒಂದಿಷ್ಟು ಏರುತ್ತದೆ. ನನ್ನ ತವರಿನ ಉಂಡಿಗೆ ನೀವು ಹೆಸರಿಡುವ ಗರಜಿಲ್ಲ, ಇಡಬೇಕಾದರೆ ನಾನು ಇಡುತ್ತೇನೆ. ಬಾಗಿಲ ಸಂದಿಯಲ್ಲಿಟ್ಟು ಒಡೆದು ತಿನ್ನುವಂಥ ಉಂಡಿ ಅದು.

"ಮಾಮಾ, ಒಂದರೆ ತಗೋರಿ. ಅವ್ವ ನಿಮ್ಮ ಸಲುವಾಗಿ ಬ್ಯಾರೇನ ಕಟ್ಯಾಳ" ಎಂದ ತಮ್ಮ.

"ಬ್ಯಾಡ್ರಿ!" ಎಂದು ನಾನು ಒಳಗಿಂದ ಕೂಗಿದೆ. ಅದೇ ತಪ್ಪಾಯಿತು. ನನ್ನ ತವರಿನ ಉಂಡಿಯನ್ನು ನಾನೇ ಬೇಡವೆಂದರೆ ತಮ್ಮನ ಮುಖ ಏನಾಗಬೇಕು? ಅದು ಸಣ್ಣದಾಯಿತು. ಅದನ್ನು ನೋಡಿ ಅತ್ತೆ, "ಬೀಗತಿ ಕೈಯಾರೆ ಕಟ್ಟಿ ಕಳಿಸ್ಯಾರ. ಒಲ್ಲೆ ಅಂದ್ರ ಹ್ಯಾಂಗಪಾ? ಒಂದ ತುಣಕ ಬಾಯಿಗಿ ಹಾಕ್ಕೊ" ಎಂದರು. ನಮ್ಮವರು ಎಷ್ಟೇ ತಿಕ್ಕಲು ಇರಲಿ, ಮನೆಗೆ ಬಂದವರ ಮನಸ್ಸು ನೋಯಿಸುವ ಜಾತಿಯಲ್ಲ. ಉಂಡಿ ತೆಗೆದುಕೊಂಡು, ತಿರುಗಿಸಿ ತಿರುಗಿಸಿ ಮೆತ್ತಗಿನ ಜಾಗ ಹುಡುಕಿ, ಸಿಗದೆ, ಕಣ್ಣು ಮುಚ್ಚಿ ಕಚ್ಚಿದರು.

ಕಟಕ್!

"ಒಡೀತ್ರಿ!" ಎಂದು ತಮ್ಮ ಖುಷಿಯಿಂದ ಕೈ ತಟ್ಟಿದ. ಒಡೆದದ್ದು ನಿಜ. ಉಂಡಿಯಲ್ಲ!

ನಾನು ಈ ಮನುಷ್ಯನ ಸಿಟ್ಟು ನೋಡಿದ್ದೇನೆ, ಹಟ ನೋಡಿದ್ದೇನೆ. ಅವತ್ತಿನ ಮುಖ ನೋಡಿರಲಿಲ್ಲ. ಅಂಗೈಯಲ್ಲಿ ಅರ್ಧ ಹಲ್ಲು ಹಿಡಿದುಕೊಂಡು, ಅದರ ಪಕ್ಕದ್ದು ತುಟಿಯ ಹೊರಗೆ ಓರೆಯಾಗಿ ನೇತಾಡುತ್ತಿದ್ದರೂ, "ಉಂಡಿ ಚಲೋ ಆಗೇತಿ" ಎಂದು ನನ್ನ ತಮ್ಮನಿಗೆ ಹೇಳಿದರು. ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮರುದಿನ ಹಲ್ಲಿನ ಡಾಕ್ಟರ್ ಬಳಿಗೆ ಹೋಗುವಾಗ ಒಂದು ಟ್ರಾಂಬೋನನ್ನೂ ಎತ್ತಿಕೊಂಡರು. ಬೇಡವೆಂದರೆ ಕೇಳಬೇಕಲ್ಲ! ಡಾಕ್ಟರ್ ಮೇಡಂ ಚಿಕ್ಕ ವಯಸ್ಸಿನವರು, ತಾಳ್ಮೆಯವರು. ಬಾಯಿ ನೋಡಿದರು. ಒಂದು ಬೇರು ತೆಗೆಯಬೇಕು, ಇನ್ನೊಂದು ಉಳಿಯುವುದಿಲ್ಲ ಎಂದರು.

"ಮೇಡಂ, ಒಂದ ದಿನದ ಮಟ್ಟಿಗಿ ಅಂಟಿಸಿ ಕೊಡ್ರಿ" ಎಂದು ನಮ್ಮವರು ಕೈ ಮುಗಿದರು.

"ಹಲ್ಲ ಅಂಟಿಸಾಕ ಬರಂಗಿಲ್ರಿ, ಸರ್."

"ನಾಳಿ ಊದಬೇಕಾಗೇತ್ರಿ. ಹಲ್ಲ ತಗದ್ರ ಊದಾಕ ಬರ್ತೈತೇನು?"

"ಏನ ಊದ್ತೀರಿ?" ಎಂದು ಮೇಡಂ ಪಾಪ ಸುಮ್ಮನೆ ಕೇಳಿದರು. ಇವರಿಗೆ ಅಷ್ಟೇ ಸಾಕಾಯಿತು. ಕುರ್ಚಿಯ ಮೇಲೆ ಎದ್ದು ಕುಳಿತು, ನೇತಾಡುವ ಹಲ್ಲಿನಿಂದಲೇ ಒಮ್ಮೆ ಊದಿ ತೋರಿಸಿದರು. ಹೊರಗೆ ಬಂದು ನೋಡುತ್ತೇನೆ, ಬೆಂಚಿನ ಮೇಲೆ ಒಬ್ಬರೂ ಇಲ್ಲ. ಒಳಗೆ ಯಾವುದೋ ಹೊಸ ಯಂತ್ರ ಹಚ್ಚಿದ್ದಾರೆಂದು ಪೇಶಂಟುಗಳೆಲ್ಲ ಎದ್ದು ಓಡಿದ್ದರು!

ಎರಡೂ ಹಲ್ಲು ತೆಗೆದರು. ಮೇಡಂ ನನ್ನನ್ನು ಬದಿಗೆ ಕರೆದು ಹೇಳಿದ ಮಾತು ನಗುವಂಥದ್ದಾಗಿರಲಿಲ್ಲ. "ಅಕ್ಕಾರ, ಶುಗರ್ ಭಾಳ ಐತಿ. ಗಾಯ ಮಾಯೂತನಕ ಊದಾಕ ಬಿಡಬ್ಯಾಡ್ರಿ. ಗಾಯ ಬಿಚ್ಚಿ ರಕ್ತ ಶುರುವಾದ್ರ ನಿಲ್ಲೂದ ಕಷ್ಟ ಆಕ್ಕೈತಿ." ಹೊಸ ಹಲ್ಲು ಕೂರಿಸುವುದು ಗಾಯ ಮಾದ ಮೇಲಿನ ಮಾತು. ಆಯಿ ಹೊರಡುವುದು ನಾಳೆ ಬೆಳಿಗ್ಗೆ.

ಸಂಜೆಯೆಲ್ಲ ಮನೆ ಗಪ್ಪಾಗಿತ್ತು. ಇಷ್ಟು ವರ್ಷ ನಾನು ಬೇಡಿಕೊಂಡ ಮೌನ ಇದೇ, ಬಂತಲ್ಲ ಎಂದು ಖುಷಿಪಡಲು ನೋಡಿದೆ. ಆಗಲಿಲ್ಲ. ಅವರು ಒಂದೊಂದೇ ಟ್ರಾಂಬೋನನ್ನು ತೆಗೆದು, ಒರೆಸಿ, ಮತ್ತೆ ಅದೇ ಜಾಗದಲ್ಲಿ ಇಡುತ್ತಿದ್ದರು.

"ಫೋನ್ ಮಾಡಿ ಬರಾಕಾಗೂದಿಲ್ಲಂತ ಹೇಳ್ರಿ" ಎಂದೆ.

"ಗುಜರಿಯವ ಒಡದ ಹಾಕ್ತಾನ."

"ಹಾಕಲಿ ಬಿಡ್ರಿ! ಜೀವಕ್ಕಿಂತ ಹೆಚ್ಚಿಂದೇನು ಅದು?"

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವರು ಶರ್ಟು ತೊಟ್ಟು, ಬಾಯಿಗೆ ಕರವಸ್ತ್ರ ಒತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು. ಒಬ್ಬರನ್ನೇ ಕಳಿಸುವ ಧೈರ್ಯ ನನಗಿರಲಿಲ್ಲ. ಹತ್ತಿ, ನೀರು, ಗುಳಿಗೆ ಎಲ್ಲ ಚೀಲಕ್ಕೆ ತುಂಬಿಕೊಂಡು ಹೊರಟೆ. ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ: ಆಯಿಯ ಕಾಲು ಹಿಡಿದಾದರೂ ಅದನ್ನು ಹಾಗೇ ಇಸಿದುಕೊಂಡು ಬರುತ್ತೇನೆ, ಇವರನ್ನು ಊದಲು ಮಾತ್ರ ಬಿಡುವುದಿಲ್ಲ.

ತಿಕೋಟಾದಲ್ಲಿ ಬಸ್ಸು ಬದಲಿಸಬೇಕು. ಅಲ್ಲಿ ಇವರನ್ನು ಗುರುತಿಸದವರು ಯಾರು? ದ್ರಾಕ್ಷಿ ತೋಟದ ರೈತರೊಬ್ಬರು ಓಡಿ ಬಂದು, "ಏನ್ರಿ ಸಾವಕಾರ, ಎಲ್ಲಿಗಿ ಹೊಂಟೀರಿ?" ಎಂದರು. ಇವರು ಕರವಸ್ತ್ರ ತೆಗೆಯದೆ ಬರೀ ತಲೆ ಅಲ್ಲಾಡಿಸಿದರು. ಕಣ್ಣು ಬೇರೆ ಕೆಂಪಗಿದ್ದವು. ರೈತರು ಗಾಬರಿಯಾಗಿ, ಟೊಪ್ಪಿಗೆ ತೆಗೆದು, ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು.

"ಯಾರ ತೀರಕೊಂಡ್ರಿ, ಅಕ್ಕಾರ?"

"ಎರಡ ಹಲ್ಲ್ರೀ" ಎಂದೆ.

ಬೇರೆ ದಿನವಾಗಿದ್ದರೆ ನಾನೇ ನಕ್ಕು ಸಾಯುತ್ತಿದ್ದೆ. ಅವತ್ತು ಕನಮಡಿಯ ಬಸ್ಸು ಬರಲಿಲ್ಲ, ಬರಲಿಲ್ಲ, ಬರಲೇ ಇಲ್ಲ. ಇವರು ರಸ್ತೆ ನೋಡುವುದು, ನಾನು ಇವರ ಕರವಸ್ತ್ರ ನೋಡುವುದು. ಕೆಂಪು ಕಂಡರೆ ಅಲ್ಲಿಂದಲೇ ವಾಪಸು ಎಂದಿದ್ದೆ. ಬಸ್ಸು ಬಂದಾಗ ನಿಲ್ಲಲು ಮಾತ್ರ ಜಾಗ. ಪ್ರತಿ ತಗ್ಗಿಗೂ ಇವರ ಕರವಸ್ತ್ರವನ್ನು ಇಣುಕಿ ನೋಡಿದೆ.

ನಾವು ಮುಟ್ಟಿದಾಗ ಆಯಿಯ ಮನೆಯ ಮುಂದೆ ಎರಡು ಗಾಡಿ ನಿಂತಿದ್ದವು. ಒಂದು ಸೊಲ್ಲಾಪುರಕ್ಕೆ ಹೋಗುವುದು, ಇನ್ನೊಂದು ಗುಜರಿಯವನದು. ಒಳಗೆ ಒಂದೇ ಕೋಣೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕ ಕೆಂಪು ಕೋಟು ತೊಟ್ಟ ಗಂಡನ ಫೋಟೋ. ಗಂಟುಮೂಟೆಗಳ ನಡುವೆ ಮಗಳು ಅವಸರದಲ್ಲಿದ್ದಳು. ಆಯಿ ಮಾತ್ರ ನೆಲದ ಮೇಲೆ ನಿಶ್ಚಿಂತೆಯಾಗಿ ಕುಳಿತಿದ್ದಳು. ಮಂಚದ ಮೇಲೆ, ಹಳೆಯ ಕಂಬಳಿಯ ಮೇಲೆ ಅದು ಮಲಗಿತ್ತು. ಉದ್ದಕ್ಕೆ, ಕಪ್ಪಾಗಿ, ಹಿಡಿಕೆಯೊಂದು ಮಾತ್ರ ಕೈಯಾಡಿ ಆಡಿ ಹೊಳೆಯುತ್ತ.

ಚಹಾ ಕೊಟ್ಟರು. ಕುಡಿದು ಮುಗಿಸುವ ಮೊದಲೇ ನಾನು ಬಾಯಿ ಬಿಟ್ಟೆ.

"ಆಯಿ, ಇವರಿಗಿ ಇವತ್ತ ಊದಾಕ ಆಗೂದಿಲ್ರಿ. ನಿನ್ನೆ ಹಲ್ಲ ತಗದಾರ. ಶುಗರ್ ಐತ್ರಿ, ಡಾಕ್ಟರ್ ಬ್ಯಾಡಂದಾರ. ಹಂಗ ಕೊಟ್ಟಬಿಡ್ರಿ. ಗಾಯ ಮಾದ ಮ್ಯಾಲ ಸೊಲ್ಲಾಪುರಕ್ಕ ಬಂದ ಊದಿ ತೋರಸ್ತಾರ. ನಾ ಕರಕೊಂಡ ಬರ್ತೀನಿ."

"ಹಿಂಗಂದ ನಮ್ಮ ಬಳಗದವರ ಡೋಲ ಒಬ್ಬ ಒಯ್ದ, ತಂಗಿ. ಈಗ ಅದನ್ನ ಹೊಟೇಲದಾಗ ಇಟ್ಟ, ಮ್ಯಾಲ ಹೂವಿನ ಕುಂಡ ಇಟ್ಟಾನಂತ. ಊದಿದ್ರ ಕೊಡ್ತೀನಿ. ಇಲ್ಲಂದ್ರ ಕರಗಲಿ ಬಿಡು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ನಮ್ಮವರು ಕರವಸ್ತ್ರವನ್ನು ಮಡಚಿ ಕಿಸೆಗೆ ಹಾಕಿಕೊಂಡರು. ಮಂಚದ ಬಳಿ ಹೋಗಿ, ಎರಡೂ ಕೈಯಿಂದ ಅದನ್ನು ಎತ್ತಿದರು. "ರೀ..." ಎಂದೆ. ಕೇಳಿಸಿಕೊಂಡಂತೆ ಕಾಣಲಿಲ್ಲ.

ಮೊದಲ ಸಲ ಬರೀ ಗಾಳಿ ಬಂತು. ಸೈಕಲ್ ಟ್ಯೂಬಿನಿಂದ ಬರುವಂಥ ಗಾಳಿ. ಮಗಳು ಸೆರಗು ಬಾಯಿಗೆ ಇಟ್ಟುಕೊಂಡಳು. ಎರಡನೆಯ ಸಲ ಗಾಳಿಯ ನಡುವೆ ಏನೋ ಗೊರಗುಟ್ಟಿತು. ಬಾಗಿಲಲ್ಲಿ ನಿಂತ ಗುಜರಿಯವನು, "ಆತೇನ್ರಿ?" ಎಂದ. ಇವರು ಹಿಡಿಕೆ ಹಿಡಿದು ಕೊಳವೆಯನ್ನು ಪೂರ್ತಿ ಮುಂದೆ ತಳ್ಳಿ, ಕಣ್ಣು ಮುಚ್ಚಿ, ಮೂರನೆಯ ಸಲ ಊದಿದರು. ಬಂತು. ಕೆಳಗಿನ ದನಿ, ಭಾರದ್ದು, ನಡುಗುವಂಥದ್ದು. ತುಟಿಯ ಎರಡೂ ಬದಿಯಿಂದ ಗಾಳಿ ಸೋರುತ್ತಿತ್ತು. ಅದನ್ನು ನಾದವೆಂದು ಯಾರೂ ಕರೆಯಲಾರರು. ಟ್ರಾಂಬೋನಿನ ಊದುವ ತುದಿಯ ಸುತ್ತ ಕೆಂಪು ಕಂಡಿತು.

"ಸಾಕ್ರೀ! ಕೊಡ್ರಿ ಇಲ್ಲೆ!" ಎಂದು ನಾನು ಎದ್ದು ಕೈ ಹಾಕಿದೆ. ಆಯಿ ನನ್ನ ಮುಂಗೈ ಹಿಡಿದಳು. ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಒತ್ತಿತು.

"ಇರ ತಂಗಿ."

ಅವಳ ಕಣ್ಣು ಮುಚ್ಚಿದ್ದವು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ಇದ. ಹಿಂಗ ಊದತಿದ್ದ" ಎಂದಳು. "ಕಡೀಕ ಅವನ ಹಲ್ಲೆಲ್ಲ ಹೋದ್ವು. ಬ್ಯಾಂಡಿನವರು, ನಿನ್ನ ಗಾಳಿ ಸೋರತೈತಿ, ಬರಬ್ಯಾಡ ಅಂದ್ರು. ಸಂಜಿ ಆತಂದ್ರ ಈ ಮಂಚದ ಮ್ಯಾಲ ಕುಂತ ಊದಾವ. ಬರೇ ಹಿಂಗ ಸೋರೂದು. ಹಲ್ಲ ಇದ್ದಾಗ ಊದಿದ್ದನ್ನ ಊರ ಮಂದಿ ಎಲ್ಲಾ ಕೇಳ್ಯಾರ ತಂಗಿ. ಇದನ್ನ ನಾ ಒಬ್ಬಾಕಿನ ಕೇಳೀನಿ."

ಮಗಳ ಸೆರಗು ಬಾಯಿಂದ ಕಣ್ಣಿಗೆ ಹೋಯಿತು. ಗುಜರಿಯವನು ಚಪ್ಪಲಿಯ ಸಪ್ಪಳವಾಗದಂತೆ ಮೆಟ್ಟಿಲು ಇಳಿದ.

"ಒಯ್ಯಪಾ. ನಿಂದು ಅದು" ಎಂದಳು ಆಯಿ.

ಅಲ್ಲಿಗೆ ಕೆಲಸ ಮುಗಿದಿತ್ತು. ಇನ್ನು ಊದುವ ಗರಜಿರಲಿಲ್ಲ. ನಮ್ಮವರು ಅದನ್ನು ಕಂಬಳಿಯಲ್ಲಿ ಸುತ್ತತೊಡಗಿದರು. ನಾನು ಇನ್ನೊಂದು ಕೈಯಿಂದ ಹತ್ತಿ ತೆಗೆದು ಅವರ ತುಟಿ ಒರೆಸಿದೆ. ರಕ್ತ ಒಂದಿಷ್ಟೇ ಇತ್ತು, ನಿಂತಿತ್ತು. ನನಗೆ ಸಮಾಧಾನವಾಗಬೇಕಿತ್ತು. ಆದರೆ ಆಯಿ ಇನ್ನೂ ಕಣ್ಣು ತೆರೆದಿರಲಿಲ್ಲ. ನನ್ನ ಮುಂಗೈಯನ್ನೂ ಬಿಟ್ಟಿರಲಿಲ್ಲ. ಹೊರಗೆ ಗಾಡಿಯವನು ಹಾರ್ನ್ ಬಾರಿಸಿದ. ಇನ್ನೊಂದು ಗಳಿಗೆಗೆ ಅವಳು ಹೋಗುತ್ತಾಳೆ, ಇದು ನಮ್ಮ ಜೊತೆ ಬರುತ್ತದೆ, ಈ ದನಿ ಅವಳಿಗೆ ಮತ್ತೆ ಕೇಳುವುದಿಲ್ಲ. ನನ್ನ ಗಂಡನಿಗೂ ಉಳಿದ ಹಲ್ಲು ಹೋಗುವ ಕಾಲ ಬರುತ್ತದೆ. ಯಾರಿಗೂ ಬೇಡವಾದ ಗಾಳಿಯನ್ನು ಊದುತ್ತ ಅವರು ಮಂಚದ ಮೇಲೆ ಕುಳಿತಾಗ ಎದುರಿಗೆ ಯಾರಿರುತ್ತಾರೆ? ನನಗೆ ಈ ಮನುಷ್ಯನ ಮೇಲೆ ಬಂದ ಪ್ರೀತಿಗೆ ನನಗೇ ನಾಚಿಕೆಯಾಯಿತು, ಅಷ್ಟು ಜನರ ಮುಂದೆ.

"ರೀ" ಎಂದೆ. "ಸುತ್ತಬ್ಯಾಡ್ರಿ. ಇನ್ನೊಂದ ಸಲ ಊದ್ರಿ."

ಅವರು ಕೈ ನಿಲ್ಲಿಸಿ, ಮುಂದಿನ ಹಲ್ಲಿಲ್ಲದ ಬಾಯಿ ತೆರೆದುಕೊಂಡು ನನ್ನನ್ನು ನೋಡಿದರು.

"ಡಾಕ್ಟರ್ ಬ್ಯಾಡಂದಾರಲ್ಲ?"

"ಮೆಲ್ಲಕ ಊದ್ರಿ" ಎಂದು ನಾನು ಆಯಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತೆ. "ನಾನೂ ಕೇಳ್ತೀನಿ."